ನಿಮಿಷಪ್ಪ ಹಿಂದಕ್ಕೆ ತಿರುಗಿಸಿದ ಐವತ್ತು ಸಾವಿರ

ಗಡಿಯಾರ ರಿಪೇರಿಯವನನ್ನು ಊರಿನವರೆಲ್ಲ ನಿಮಿಷಪ್ಪ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೇ ಮರೆತುಹೋಗಿತ್ತು. ಬ್ಯಾಂಕಿನಲ್ಲಿ ಯಾರಾದರೂ ಆ ಹೆಸರು ಕೂಗಿದರೆ, ಯಾರಪ್ಪ ಈ ಆಸಾಮಿ ಎಂದು ಅವನೂ ಎಲ್ಲರ ಜೊತೆ ಹಿಂತಿರುಗಿ ನೋಡುತ್ತಿದ್ದ. ಬೆಳಿಗ್ಗೆ ಒಂಬತ್ತೂವರೆಗೆ ಅವನ ಅಂಗಡಿಯ ಶಟರು ಮೇಲೇಳುವ ಸದ್ದು ಕೇಳಿ ಬೀದಿಯವರು ತಮ್ಮ ಗಡಿಯಾರಗಳನ್ನು ಸರಿಮಾಡಿಕೊಳ್ಳುತ್ತಿದ್ದರು. ಒಂದು ದಿನ ಸೂರ್ಯನೇ ಎರಡು ನಿಮಿಷ ತಡವಾಗಿ ಬಂದು, ಆ ಅಂಗಡಿಯ ಮುಂದೆ ಹಾಯುವಾಗ ಮುಖದ ಮೇಲೆ ಮೋಡ ಎಳೆದುಕೊಂಡು ಸರಸರನೆ ದಾಟಿಹೋಗಿದ್ದುಂಟು. ನಂಬಿಕೆ ಇಲ್ಲದವರು ಎದುರಿನ ಕಟಿಂಗ್ ಅಂಗಡಿಯವನನ್ನು ಕೇಳಬಹುದು. ಅವನು ಮೂರು ನಿಮಿಷ ಎನ್ನುತ್ತಾನೆ.

ಅವನ ಕೈಗೆ ಒಂದು ಅಭ್ಯಾಸವಿತ್ತು, ಕೆಲಸ ಕಲಿಸಿದವರು ಕಿವಿ ಹಿಂಡಿ ಹತ್ತಿಸಿದ್ದು. ಯಾವ ಗಡಿಯಾರ ಬಿಚ್ಚಿದರೂ ಮುಚ್ಚುವ ಮುಂಚೆ ಹಿಂಬದಿಯ ಮುಚ್ಚಳದ ಒಳಮೈ ಮೇಲೆ, ಉಕ್ಕಿನ ಸೂಜಿಯಿಂದ, ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಎರಡು ಸಾಲು ಗೀರಬೇಕು. ಬಂದಾಗ ಹೇಗಿತ್ತು, ಹೋಗುವಾಗ ಹೇಗಿತ್ತು. ಕೆಳಗೆ ತಾರೀಕು, ಪಕ್ಕದಲ್ಲಿ ಹಕ್ಕಿಯ ಹೆಜ್ಜೆಯಂಥ ಮೂರು ಗೀರು. ಅದೇ ಅವನ ಗುರುತು. ಗಿರಾಕಿಗೆಂದು ಬರೆದದ್ದಲ್ಲ. ಮುಂದೆ ಎಂದೋ ಆ ಗಡಿಯಾರ ಬಿಚ್ಚುವ ಇನ್ನೊಬ್ಬ ರಿಪೇರಿಯವನಿಗೆ ಬರೆದ ಓಲೆ ಅದು. ನಲವತ್ತು ವರ್ಷ ಬರೆದು ಬರೆದು, ಆ ಕೆಲಸಕ್ಕೆ ಕೈ ಈಗ ತಲೆಯ ಅಪ್ಪಣೆ ಕೇಳುತ್ತಿರಲಿಲ್ಲ.

ಇಂಥವನಿಗೂ ಒಂದು ಕಾರಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಕೊಂಡಾಗ ಕೆಂಪಗಿತ್ತು. ಈಚೆಗೆ ಅದರ ಬಣ್ಣ ಎಷ್ಟು ಮಾಸಿತ್ತೆಂದರೆ, ಒಮ್ಮೆ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಅಜ್ಜಿಯೊಬ್ಬಳು ಹಳೆಯ ಅಂಚೆಡಬ್ಬಿ ಎಂದುಕೊಂಡು ಕಿಟಕಿಯ ಸಂದಿಯಲ್ಲಿ ಎರಡು ಕಾಗದ ತೂರಿಸಿ ಹೋಗಿದ್ದಳು. ನಿಮಿಷಪ್ಪ ಆ ಕಾಗದಗಳನ್ನು ಅಂಚೆಗೆ ಹಾಕಿಯೇ ಮನೆಗೆ ಬಂದಿದ್ದ. ಅಷ್ಟು ಸಾಚಾ ಮನುಷ್ಯ.

ಕಾರಿನ ಎಡಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ. ಸೀಟು ಕುಸಿದು ಕುಸಿದು ನೆಲಕ್ಕೆ ಹತ್ತಿರವಾಗಿತ್ತು. ಹೆಂಡತಿಗೆ ಎರಡೂ ಮಂಡಿ ನೋವು. ಅವನು ಇಳಿದು, ಸುತ್ತಿ ಬಂದು, ಬಾಗಿಲು ಎಳೆದು, ಎರಡೂ ಕೈ ಹಿಡಿದು ಅವಳನ್ನು ಮೇಲೆತ್ತಬೇಕಿತ್ತು.

"ರೀ, ನಾನು ಕಾರಿಂದ ಇಳೀತಿದೀನೋ, ಬಾವಿಯಿಂದ ಹತ್ತಿ ಬರ್ತಿದೀನೋ?" ಎಂದು ಅವಳು ನಗುತ್ತಲೇ ಕೇಳುತ್ತಿದ್ದಳು. ಆದರೆ ಹಲ್ಲು ಕಚ್ಚಿಕೊಂಡು ನಗುತ್ತಿದ್ದಳು. ಈಚೆಗಂತೂ ಹೊರಗೆ ಹೋಗೋಣ ಎಂದರೆ, "ನೀವೇ ಹೋಗ್ಬನ್ನಿ, ನಂಗೆ ಟಿವಿ ಇದೆ" ಎನ್ನುವ ಹಂತಕ್ಕೆ ಬಂದಿದ್ದಳು.

ಆ ಮಾತು ಅವನನ್ನು ಕೊರೆಯಿತು. ಶುಕ್ರವಾರ ಊಟದ ಹೊತ್ತಿನಲ್ಲಿ ನಡೆದುಕೊಂಡೇ ಕಾರಿನ ಶೋರೂಮಿಗೆ ಹೋದ. ನೆಲ ಎಷ್ಟು ಹೊಳೆಯುತ್ತಿತ್ತೆಂದರೆ ತನ್ನ ಚಪ್ಪಲಿಯ ಅಡಿಭಾಗ ತನಗೇ ಕಂಡು ನಾಚಿಕೆಯಾಯಿತು. ಹಳೆ ಕಾರಿಗೆ ಬೆಲೆ ಕಟ್ಟುವವಳು ಒಬ್ಬ ಹುಡುಗಿ. ತೆಳ್ಳಗಿನ ಕೈಯಲ್ಲಿ ಗಂಡಸರ ದೊಡ್ಡ ಗಡಿಯಾರ. ಹೊಸ ಬಿಳಿ ಕಾರೊಂದರ ಬಾಗಿಲನ್ನು ಅವಳು ಒಂದೇ ಬೆರಳಲ್ಲಿ ತೆರೆದು ತೋರಿಸಿದಳು. ಸೀಟು ಕುರ್ಚಿಯಷ್ಟು ಎತ್ತರ, ಪಕ್ಕದಲ್ಲಿ ಹತ್ತಿಳಿಯುವವರಿಗೆ ಒಂದು ಹಿಡಿ. ನಿಮಿಷಪ್ಪ ಆ ಹಿಡಿಯನ್ನು ಮೂರು ಸಲ ಹಿಡಿದು ಬಿಟ್ಟ.

"ಹಳೇದು ಲಕ್ಷ ಕಿಲೋಮೀಟರ್ ಒಳಗಿದ್ರೆ ಎಕ್ಸ್‌ಚೇಂಜ್ ಬೋನಸ್ ಸಿಗತ್ತೆ ಅಂಕಲ್. ಆಗ ಈ ಕಾರು ನಿಮಗೆ ಸಲೀಸಾಗಿ ಕೈಗೆಟುಕತ್ತೆ. ಲಕ್ಷ ದಾಟಿದ್ರೆ ಕಂಪನಿಯವರು ಕಬ್ಬಿಣದ ರೇಟ್ ಹಾಕ್ತಾರೆ. ನಿಮ್ದು ಎಷ್ಟು ಓಡಿದೆ?"

ಗೋಡೆಯ ಗಡಿಯಾರದ ಟಿಕ್ ಟಿಕ್ ಕೇಳಿಯೇ ಎಷ್ಟು ಸೆಕೆಂಡು ಹಿಂದಿದೆ ಎಂದು ಹೇಳುವ ಮನುಷ್ಯ, ತಲೆ ಕೆರೆದುಕೊಂಡ.

"ನೋಡ್ಕೊಂಡು ಹೇಳ್ತೀನಮ್ಮ" ಎಂದ. ಒಂದು ಲಕ್ಷದ ನಲವತ್ತಮೂರು ಸಾವಿರದ ಇನ್ನೂರ ಅರವತ್ತೆಂಟು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಭಾನುವಾರ ಮಧ್ಯಾಹ್ನ ಕಾರಿನ ಮೀಟರು ಊಟದ ಮೇಜಿನ ಮೇಲೆ, ಬಿಳಿ ಬಟ್ಟೆಯ ಮೇಲೆ ಮಲಗಿತ್ತು. ಹೆಂಡತಿ ಟೀ ತಂದಿಟ್ಟಳು.

"ಇದೇನ್ರೀ, ಇದಕ್ಕೂ ಟೈಮ್ ತೋರ್ಸೋ ಚಟ ಹತ್ತಿಸ್ತಿದೀರಾ?"

"ಧೂಳು ಇವಳೇ, ಧೂಳು. ಕೊಡೋವಾಗ ಶುದ್ಧವಾಗಿರಲಿ ಅಂತ."

ಅವಳು ಮೇಜನ್ನು ನೋಡಿದಳು, ಅವನ ಮುಖ ನೋಡಿದಳು, ಒಳಗೆ ಹೋದಳು.

ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ. ಹಳೆ ಕಾಲದ ಮೀಟರು. ಸಣ್ಣ ಸಣ್ಣ ಅಂಕಿಚಕ್ರಗಳ ಸಾಲು. ಹೆಂಗಸರ ಕೈಗಡಿಯಾರದ ಹೊಟ್ಟೆಯಲ್ಲಿ ಕೈಯಾಡಿಸಿದವನಿಗೆ ಇದು ಎತ್ತಿನ ಗಾಡಿಯ ಚಕ್ರದಷ್ಟು ದೊಡ್ಡದಾಗಿ ಕಂಡಿತು. ತಿರುಗಿಸಬೇಕಾದ್ದು ಎರಡೇ ಚಕ್ರ. ಒಂದನ್ನು ಸೊನ್ನೆ ಮಾಡಿದ, ನಾಲ್ಕನ್ನು ಒಂಬತ್ತು ಮಾಡಿದ. ಏಳು ನಿಮಿಷ ಹಿಡಿಯಿತು. ಭೂಮಿಗೆ ಒಂದೂಕಾಲು ಸುತ್ತು ಬಂದಷ್ಟು ದಾರಿ, ಏಳು ನಿಮಿಷದಲ್ಲಿ, ಟೀ ಆರುವ ಮುಂಚೆ ಇಲ್ಲವಾಯಿತು.

ಆಗಲೇ ಆ ದಾರಿಯ ಲೆಕ್ಕ ಹಾಕತೊಡಗಿದ. ಹೋದ ಐವತ್ತು ಸಾವಿರದಲ್ಲಿ ಯಾವ ಯಾವ ದಾರಿ ಹೋಯಿತು? ಅಮ್ಮನನ್ನು ವಾರಕ್ಕೆರಡು ಸಲ ಆಸ್ಪತ್ರೆಗೆ ಕರೆದೊಯ್ದದ್ದೋ? ಮಗಳು ಸಂಗೀತ ಕಲಿಯಲು ಹೋಗಿ, ಗಂಟಲು ಕಲಿಯಲೊಪ್ಪದೆ ಬಿಟ್ಟದ್ದೋ? ಯೋಚನೆ ಮಾಡುತ್ತ ಕುಳಿತ ಅವನಿಗೆ ಕೈ ಏನು ಮಾಡುತ್ತಿದೆ ಎಂಬ ಗಮನವಿರಲಿಲ್ಲ. ಕೈ ತನ್ನ ಪಾಡಿಗೆ ತಾನು ಕೆಲಸ ಮುಗಿಸಿ, ಮುಚ್ಚಳ ಹಾಕಿ, ಸ್ಕ್ರೂ ಬಿಗಿದಿತ್ತು.

ಸೋಮವಾರ ಗಂಡ ಹೆಂಡತಿ ಶೋರೂಮಿಗೆ ಹೊರಟರು. ನಾಲ್ಕು ಕಿಲೋಮೀಟರು ದಾರಿ. ಸಾಮಾನ್ಯವಾಗಿ ಅಷ್ಟರಲ್ಲಿ ನಾಲ್ಕು ಮನೆಯ ಸಮಾಚಾರ ಮುಗಿಸುವ ಅವಳು, ಅಂದು ಕಿಟಕಿಯಾಚೆ ನೋಡುತ್ತ ಕುಳಿತಿದ್ದಳು. ಮಂಡಿ ನೋಯುತ್ತಿರಬೇಕು ಎಂದುಕೊಂಡ.

ಹುಡುಗಿ ಕಾರಿನ ಸುತ್ತ ಒಂದು ಸುತ್ತು ಬಂದಳು, ಬಾನೆಟ್ ಎತ್ತಿ ಇಳಿಸಿದಳು, ಒಳಗೆ ಇಣುಕಿ ಮೀಟರು ನೋಡಿ ಕಾಗದದಲ್ಲಿ ಬರೆದುಕೊಂಡಳು: 93,272.

"ಇಪ್ಪತ್ತೆರಡು ವರ್ಷಕ್ಕೆ ಇಷ್ಟೇನಾ ಅಂಕಲ್? ಕಾರನ್ನ ತೊಟ್ಟಿಲಲ್ಲಿ ಇಟ್ಟು ತೂಗ್ತಿದ್ರಾ?"

ನಿಮಿಷಪ್ಪ ನಗಲು ನೋಡಿದ. ಬಾಯಿ ಒಂದು ಕಡೆ ಹೋಯಿತು, ನಗು ಇನ್ನೊಂದು ಕಡೆ. ಅವನ ಅಂಗಿಯ ಜೇಬಿನಲ್ಲಿದ್ದ ಭೂತಗನ್ನಡಿಯನ್ನು ಕಂಡು ಹುಡುಗಿ ಕಣ್ಣರಳಿಸಿದಳು.

"ಅಯ್ಯೋ, ನೀವು ಗಡಿಯಾರದ ಅಂಗಡಿ ಅಂಕಲ್ ಅಲ್ವಾ? ಇದು ನಮ್ಮಪ್ಪಂದು, ನಿಮ್ಮತ್ರಾನೇ ರಿಪೇರಿ ಮಾಡಿಸಿದ್ರು." ಕೈಯನ್ನು ಮುಂದೆ ಚಾಚಿದಳು. "ಅಪ್ಪ ಹೋದ್ಮೇಲೆ ನಾನೇ ಕಟ್ಕೊಂಡಿದೀನಿ. ಕಾಲೇಜಿಗೆ ಬೇರೆ ಊರಲ್ಲಿದ್ದಾಗ ಒಂದ್ಸಲ ಅಲ್ಲಿನ ಅಂಗಡೀಲಿ ಬಿಚ್ಚಿಸಿದ್ದೆ. ಆ ತಾತ ಭೂತಗನ್ನಡಿ ಕೊಟ್ಟು ಒಳಗಡೆ ತೋರ್ಸಿದ್ರು. 'ಬಂದಾಗ ದಿನಕ್ಕೆ ಏಳು ನಿಮಿಷ ಹಿಂದೆ. ಹೋಗುವಾಗ ಸರಿ.' ಪಕ್ಕದಲ್ಲಿ ಹಕ್ಕಿ ಹೆಜ್ಜೆ. ಇಂಥವರ ಕೈ ಬಿದ್ದಿರೋದನ್ನ ನಾನ್ಯಾಕೆ ಕೆಡಿಸಲಿ ಅಂತ ಹಾಗೇ ವಾಪಸ್ ಕೊಟ್ಬಿಟ್ರು! ನಿಮ್ಮ ಮೀಟರ್ ಮೇಲೆ ನಂಗ್ಯಾಕಂಕಲ್ ಅನುಮಾನ? ವರ್ಕ್‌ಶಾಪಲ್ಲಿ ಒಂದ್ಸಲ ಬಿಚ್ಚಿ ನೋಡ್ತಾರೆ, ಸುಮ್ನೆ ಪದ್ಧತಿ. ನೀವಿಲ್ಲಿ ಸೈನ್ ಹಾಕಿ."

ಪೆನ್ನು ಹಿಡಿದ ನಿಮಿಷಪ್ಪನ ಕೈ ಗಾಳಿಯಲ್ಲೇ ನಿಂತಿತು. ಅದೇ ಕೈ. ಭಾನುವಾರ ಮಧ್ಯಾಹ್ನ ಮೀಟರಿನ ಮುಚ್ಚಳ ಹಾಕುವ ಮುಂಚೆ ಆ ಕೈ ಸೂಜಿ ಎತ್ತಿಕೊಂಡದ್ದು, ಗೀರಿದ್ದು, ಉಫ್ ಎಂದು ಪುಡಿ ಊದಿದ್ದು, ಎಲ್ಲವೂ ಈಗ ಕಣ್ಣಮುಂದೆ ಬಂತು. ಕಳ್ಳತನ ಮಾಡಿ, ಮನೆಯ ಗೋಡೆಯ ಮೇಲೆ ತನ್ನ ವಿಳಾಸ ಬರೆದು ಬಂದಿದ್ದ.

ಅವನ ಹಣೆಯಿಂದ ಇಳಿದ ಬೆವರಿನಲ್ಲಿ ಆ ಶೋರೂಮಿನ ನೆಲವನ್ನು ಎರಡು ಸಲ ಒರೆಸಬಹುದಿತ್ತು. ಹೊಸ ಬಿಳಿ ಕಾರಿನ ಕಡೆ ನೋಡಿದ. ಹೆಂಡತಿ ಆಗಲೇ ಅದರಲ್ಲಿ ಕೂತು, ಹಿಡಿಯನ್ನು ಹಿಡಿದು, ಯಾರ ನೆರವೂ ಇಲ್ಲದೆ ಇಳಿದು, ಮತ್ತೆ ಹತ್ತಿ, ಮತ್ತೆ ಇಳಿಯುತ್ತಿದ್ದಳು.

"ಒಂದ್ನಿಮಿಷ, ಸಣ್ಣ ಸ್ಕ್ರೂಡ್ರೈವರ್ ಇದ್ರೆ ಕೊಡಮ್ಮ" ಎಂದ.

ಮೀಟರನ್ನು ಅವಳ ಮೇಜಿನ ಮೇಲೆಯೇ ಬಿಚ್ಚಿ, ಮುಚ್ಚಳವನ್ನು ಮಗುಚಿ, ಭೂತಗನ್ನಡಿಯ ಜೊತೆ ಅವಳ ಕೈಗಿತ್ತ. ಅವಳು ಗಟ್ಟಿಯಾಗಿ ಓದಿದಳು: "ಬಂದಾಗ 1,43,268. ಹೋಗುವಾಗ 93,268." ತಾರೀಕು. ಹಕ್ಕಿ ಹೆಜ್ಜೆ.

"ನಾನೇ ತಿರುಗಿಸಿದ್ದು" ಎಂದ ನಿಮಿಷಪ್ಪ, ನೆಲದಲ್ಲಿ ಕಾಣುತ್ತಿದ್ದ ತನ್ನ ಚಪ್ಪಲಿಗೆ ಹೇಳುವಂತೆ.

ಹುಡುಗಿ ಆ ಎರಡು ಸಾಲನ್ನು ಮತ್ತೆ ಮತ್ತೆ ಓದಿದಳು. ಪೊಲೀಸರನ್ನು ಕರೆಯುತ್ತಾಳೆ, ಪೇಪರಿನಲ್ಲಿ ಫೋಟೋ ಬರುತ್ತದೆ, ಮಗಳ ಅತ್ತೆ ಅದನ್ನು ಕತ್ತರಿಸಿ ಫ್ರೇಮ್ ಹಾಕಿಸುತ್ತಾಳೆ ಎಂಬಲ್ಲಿಗೆ ಅವನು ತಲುಪಿದ್ದ. ತಲೆಯೆತ್ತಿದರೆ ಅವಳ ಕಣ್ಣಲ್ಲಿ ನೀರು.

"ಅಂಕಲ್, ಮೀಟರ್‌ನ ಯಾರೂ ಬಿಚ್ಚೋದೇ ಇಲ್ಲ. ನೀವು ಹೇಳ್ದೆ ಇದ್ದಿದ್ರೆ ಈ ಜನ್ಮದಲ್ಲಿ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಆದ್ರೂ ಹೇಳಿದ್ರಲ್ಲ!"

"ಬಿಚ್ಚಿ ನೋಡ್ತಾರೆ ಅಂದ್ಯಲ್ಲಮ್ಮ?"

"ಅದು ಚಕ್ರ, ಬ್ರೇಕು ಅಂಕಲ್."

ನಿಮಿಷಪ್ಪ ಕುರ್ಚಿಯಲ್ಲಿ ಕುಸಿದ. "ಅಲ್ಲಮ್ಮ, ನಾನು ಹೇಳಿದ್ದು ಯಾಕೆ ಅಂದ್ರೆ... ಭಯಕ್ಕೆ..." ಎಂದು ಶುರುಮಾಡುವಷ್ಟರಲ್ಲಿ ಹಿಂದಿನಿಂದ ಬಂದು ನಿಂತಿದ್ದ ಹೆಂಡತಿ ಅವನ ಪಾದದ ಮೇಲೆ ಪಾದವಿಟ್ಟು ಒತ್ತಿದಳು. ಮಂಡಿ ನೋವಿನವಳ ಕಾಲಿಗೆ ಅಷ್ಟು ಬಲ ಎಲ್ಲಿಂದ ಬಂತೋ.

"ಅವರು ಹಾಗೇಮ್ಮ, ಮೊದಲಿಂದ್ಲೂ" ಎಂದಳು ಹುಡುಗಿಗೆ.

ಹುಡುಗಿ ಮ್ಯಾನೇಜರನ್ನು ಕರೆತರಲು ಎದ್ದುಹೋದ ಮೇಲೆ ಅವಳು ಪಕ್ಕದ ಕುರ್ಚಿಯಲ್ಲಿ ಕುಳಿತಳು.

"ಕಾರಲ್ಲಿ ಬರೋವಾಗ ನಾನೂ ಮೀಟರ್ ನೋಡ್ದೆ. ಲಕ್ಷ ಆದಾಗ ಸೇತುವೆ ಮೇಲೆ ನಿಲ್ಸಿ, ನಿಮ್ಮಮ್ಮ, ಮಗಳು, ನಾನು, ನೀವು ತಲೆಗೆ ತಲೆ ತಾಗಿಸ್ಕೊಂಡು ನೋಡಿರ್ಲಿಲ್ವಾ? ಒಂಬತ್ತೆಲ್ಲ ಒಟ್ಟಿಗೆ ಸೊನ್ನೆ ಆದಾಗ ಅತ್ತೆ ಚಪ್ಪಾಳೆ ತಟ್ಟಿದ್ರು. ಅದನ್ನ ಮರೀತೀನಾ?"

"ಮತ್ತೆ ಯಾಕೆ ಸುಮ್ನಿದ್ದೆ?"

ಅವಳು ಬಿಳಿ ಕಾರಿನ ಕಡೆ ಒಮ್ಮೆ ನೋಡಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಬಾಗಿಲು ಚೆನ್ನಾಗಿತ್ತು ರೀ" ಎಂದಳು.

ಬೋನಸ್ ಹೋಯಿತು, ಬಿಳಿ ಕಾರೂ ಹೋಯಿತು. ಹಿಂದಿನ ಸಾಲಿನಲ್ಲಿದ್ದ, ಮೂರು ವರ್ಷ ಓಡಿದ ಬೂದು ಬಣ್ಣದ ಕಾರು ಸಿಕ್ಕಿತು. ಬಾಗಿಲು ಒಳಗಿನಿಂದ ತೆರೆಯುತ್ತದೆ; ಹಿಡಿ ಮಾತ್ರ ಇಲ್ಲ. ಆ ಜಾಗದಲ್ಲಿ ಅವನ ಭುಜ ಇದೆ. ಹಳೆ ಕಾರನ್ನು ಬಿಡುವ ಮುಂಚೆ ಅವನು ಎರಡು ಚಕ್ರವನ್ನೂ ಮುಂದಕ್ಕೆ ತಿರುಗಿಸಿ, ಮೊದಲ ಬರಹದ ಕೆಳಗೆ ಇನ್ನೊಂದು ಗೀರಿದ: ಬಂದಾಗ 93,272. ಹೋಗುವಾಗ 1,43,272.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹುಡುಗಿ ಸುಮ್ಮನಿರಬೇಕಲ್ಲ. ಶೋರೂಮಿಗೆ ಬಂದವರಿಗೆಲ್ಲ ಕತೆ ಹೇಳಿದಳು. ತಿಂಗಳಲ್ಲಿ ನಿಮಿಷಪ್ಪನ ಅಂಗಡಿಯ ಮುಂದೆ ಸಾಲು ನಿಂತಿತು. ಸಾಲಿನ ತುದಿಯವನು ಪಕ್ಕದ ಊರಿನಲ್ಲಿ ನಿಂತಿದ್ದ ಎಂದು ಕಟಿಂಗ್ ಅಂಗಡಿಯವನು ಹೇಳುತ್ತಾನೆ. "ನಿಮ್ಮಂಥವರು ಈ ಕಾಲದಲ್ಲಿ ಎಲ್ಲಿದಾರೆ ಸ್ವಾಮಿ?" ಎಂದು ಬಂದವರು ಕೈಮುಗಿಯುತ್ತಿದ್ದರು. ಒಂದೊಂದು ನಮಸ್ಕಾರವೂ ಅವನಿಗೆ ಬೆನ್ನ ಮೇಲೆ ಗುದ್ದಿದಂತೆ. ಬೈದಿದ್ದರೆ ತಿಂದು ಅರಗಿಸಿಕೊಳ್ಳುತ್ತಿದ್ದ. ಹೊಗಳಿಕೆ ಗಂಟಲಲ್ಲೇ ನಿಲ್ಲುತ್ತಿತ್ತು. ಯಾರಾದರೂ ಆ ಮಾತು ತೆಗೆದರೆ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿ, ಇನ್ನೊಂದು ಕಣ್ಣು ಮುಚ್ಚಿ, ಬಗ್ಗಿಬಿಡುತ್ತಿದ್ದ.

ಒಂದು ಮಧ್ಯಾಹ್ನ ಹುಡುಗಿಯೇ ಬಂದಳು. "ಅಪ್ಪನ ಗಡಿಯಾರ ಅಂಕಲ್. ಒಂದ್ಸಲ ಕ್ಲೀನ್ ಮಾಡ್ಕೊಡಿ. ನೀವೇ ಮಾಡ್ಬೇಕು."

ಬೆಂಚಿನ ಮೇಲೆ ಕುಳಿತು ಅವಳು ಫೋನು ನೋಡುತ್ತಿದ್ದಳು. ಅವನು ಮುಚ್ಚಳ ತೆಗೆದ. ಹನ್ನೊಂದು ವರ್ಷದ ಹಿಂದಿನ ತನ್ನ ಬರಹ ಮಿನುಗಿತು: ಹೋಗುವಾಗ ಸರಿ. ಧೂಳು ತೆಗೆದು, ಎಣ್ಣೆಯ ಚುಕ್ಕೆ ಇಟ್ಟು, ಸೂಜಿ ಎತ್ತಿಕೊಂಡ. ಈ ಸಲ ಕೈಯನ್ನು ಅದರ ಪಾಡಿಗೆ ಬಿಡಲಿಲ್ಲ. ಒಂದೊಂದು ಅಕ್ಷರವನ್ನೂ ನೋಡಿ ನೋಡಿ ಗೀರಿದ.

ಬಂದಾಗ ಸರಿ. ಹೋಗುವಾಗ ಸರಿ. ರಿಪೇರಿಯವನು ನಿಜ ಹೇಳಿದ್ದು ಭಯಕ್ಕೆ.

ತಾರೀಕು ಹಾಕಿದ. ಪಕ್ಕದಲ್ಲಿ ಹಕ್ಕಿಯ ಹೆಜ್ಜೆ ಗೀರಿದ. ಎಂದೋ ಒಂದು ದಿನ, ಯಾವುದೋ ಊರಿನ ಯಾವುದೋ ತಾತ ಇದನ್ನು ಬಿಚ್ಚಿ, ಭೂತಗನ್ನಡಿ ಕೊಟ್ಟು ಅವಳಿಗೆ ತೋರಿಸಬಹುದು. ತೋರಿಸದೆಯೂ ಇರಬಹುದು. ಮುಚ್ಚಳ ಒತ್ತಿದ. ಟಕ್ ಎಂದಿತು.

ಹುಡುಗಿ ಗಡಿಯಾರವನ್ನು ಕಿವಿಗೆ ಹಿಡಿದುಕೊಂಡಳು.

"ಚೆನ್ನಾಗಿ ಓಡ್ತಿದೆ ಅಂಕಲ್. ಎಷ್ಟಾಯ್ತು?"

"ಏನೂ ಬೇಡಮ್ಮ" ಎಂದ ನಿಮಿಷಪ್ಪ, ಕಣ್ಣಿನ ಭೂತಗನ್ನಡಿ ತೆಗೆಯದೆ.

"ನೋಡಿ, ಇದಕ್ಕೇ ಜನ ನಿಮ್ಮನ್ನ ಹಾಗನ್ನೋದು!" ಎಂದು ಅವಳು ನಗುತ್ತ ಮೆಟ್ಟಿಲಿಳಿದು ಹೋದಳು.