ಸೌಟು ಹೇಳಿದ ಬೆಲೆ

ಅಂಗಳ ಗುಡಿಸಿ ನೀರು ಹಾಕುವುದು, ಹಾಲು ಕರೆಯುವುದು, ಬಚ್ಚಲೊಲೆಗೆ ಉರಿ ಹಾಕುವುದು, ಅತ್ತೆಯ ಮಾತ್ರೆ ತೆಗೆದಿಡುವುದು, ಆಮೇಲೆ ಚಪ್ಪರದಡಿಯ ಹಳೇ ಬೈಕುಗಳಿಗೆ ಒಂದೊಂದು ಕಿಕ್ ಹೊಡೆಯುವುದು. ಪಿರಿಯಾಪಟ್ಟಣದ ಪುಷ್ಪಾ ಬೆಳಕು ಹರಿಯುವ ಮೊದಲೇ ಇಷ್ಟು ಮುಗಿಸುತ್ತಾಳೆ. ಕಿಕ್ ಹೊಡೆಯುವುದು ನ್ಯಾಯವಾಗಿ ಗಂಡ ಮಲ್ಲೇಶನ ಕೆಲಸ. ಆದರೆ ಅವನಿಗೆ ಮಂಡಿನೋವು. ಅದು ತಿಂಡಿಯ ಹೊತ್ತಿಗೆ ತಾನಾಗಿ ಇಳಿಯುತ್ತದೆ.

ಹಳೇ ಟೂ-ಸ್ಟ್ರೋಕ್ ಗಾಡಿಗಳಿಗೆ ಬೆಲೆ ಕಟ್ಟುವುದರಲ್ಲಿ ಹುಣಸೂರಿನಿಂದ ಹ್ಯಾಂಡ್‌ಪೋಸ್ಟ್‌ವರೆಗೆ ಮಲ್ಲೇಶನದೇ ಹೆಸರು. ಕಿವಿ ಮಾತ್ರ ಪುಷ್ಪಾಳದು. ಮದುವೆಗೆ ಮುಂಚೆ ಅವಳು ಹೊಗೆಸೊಪ್ಪಿನ ಗ್ರೇಡಿಂಗ್‌ಗೆ ಹೋಗುತ್ತಿದ್ದಳು. ಎಲೆ ತಿಕ್ಕಿ, ಮೂಸಿ, ದರ್ಜೆ ಹೇಳುವವಳು ಅವಳು. ಹರಾಜಿನಲ್ಲಿ ಶಹಬಾಸ್ ಅನ್ನಿಸಿಕೊಳ್ಳುವವನು ಸಾಹುಕಾರ. ಇಲ್ಲೂ ಅದೇ ಏರ್ಪಾಡು. ಮಲ್ಲೇಶ ಅಂಗಳದಲ್ಲಿ ಕುರ್ಚಿ ಹಾಕಿ ಕೂರುತ್ತಾನೆ. ಅವಳು ಅಡುಗೆಮನೆಯಿಂದ ಕೇಳಿ ಪಾತ್ರೆಗೆ ಸೌಟಿನಿಂದ ಒಂದೇಟು ಬಡಿದರೆ ಗಾಡಿ ಗಟ್ಟಿ, ಎರಡೇಟು ಬಡಿದರೆ ಬೇಡ.

ಮೊನ್ನೆ ಭಾನುವಾರ ಕೆ.ಆರ್. ನಗರದ ನೀಲಾಂಬಿಕೆ ಟೀಚರ್ ಮಲ್ಲೇಶನನ್ನು ಕೇಳಿ ಗಾಡಿ ಕೊಳ್ಳಲು ಬಂದಿದ್ದರು. ಅಪ್ಪ ಓಡಿಸುತ್ತಿದ್ದಂಥ ಆರ್‌ಡಿ 350 ಬೈಕೇ ಬೇಕೆಂದು ನಾಲ್ಕು ವರ್ಷ ಚೀಟಿ ಕಟ್ಟಿದ್ದರು. ಹಳೇ ಗಾಡಿ ಮಾರುವ ಹುಣಸೂರಿನ ಚಲುವರಾಜು ಅಂಥದ್ದೊಂದನ್ನು ಹೊಸದರಂತೆ ರಿಪೇರಿ ಮಾಡಿಸಿ ಟೆಂಪೋದಲ್ಲಿ ತಂದಿಳಿಸಿದ.

"ಮದ್ವೆ ಎಣ್ಣು ಇದ್ದಂಗದೆ ಕಣಣ್ಣ! ಒಂದೇ ಕಿಕ್ಕು ನೋಡು!"

ಒಂದೇ ಕಿಕ್ಕಿಗೆ ಗಾಡಿ ಸ್ಟಾರ್ಟ್ ಆಯಿತು. ಮುದ್ದೆ ತಿರುವುತ್ತಿದ್ದ ಪುಷ್ಪಾ ಕಿಟಕಿಗೆ ಬಂದಳು. ತಣ್ಣಗಿದ್ದ ಇಂಜಿನ್ ಮೊದಲು ಕೆಮ್ಮಬೇಕು, ಬಿಳಿ ಹೊಗೆ ಕಾರಬೇಕು. ಇದು ಎರಡನ್ನೂ ಮಾಡಲಿಲ್ಲ. ಅಂದರೆ ದಾರಿಯಲ್ಲೆಲ್ಲೋ ಇಳಿಸಿ ಬಿಸಿ ಮಾಡಿಕೊಂಡೇ ತಂದಿದ್ದಾನೆ. ಸವೆದ ಪಿಸ್ಟನ್ನಿನ ಟಕಟಕ ಬಿಸಿಯಾದ ಮೇಲೆ ಅಡಗುತ್ತದಲ್ಲ! ಅವಳು ಸೌಟಿನಿಂದ ಎರಡೇಟು ಬಡಿದಳು.

"ಒಳಗೇನ್ ಮಲ್ಲಣ್ಣ, ಜಗಳವಾ?" ಎಂದ ಚಲುವರಾಜು.

"ಬುಡ್ಲಾ, ಹೆಂಗಸ್ರಿಗೆ ಪಾತ್ರೆ ಬಿಟ್ರೆ ಇನ್ನೇನ್ ಗೊತ್ತದೆ?" ಎಂದು ಮಲ್ಲೇಶ ನಕ್ಕ. ಇಂಜಿನ್ ಗದ್ದಲದಲ್ಲಿ ಏಟು ಒಂದೋ ಎರಡೋ ಅವನಿಗೆ ತಿಳಿದಿರಲಿಲ್ಲ. ಗಾಡಿ ಆಫ್ ಮಾಡಿಸಿ ಕೂಗಿದ: "ಪುಷ್ಪಾ, ಆ ಪಾತ್ರೆ ಇನ್ನೊಂದ್ಸಲ ತೊಳಿಯೇ!"

ಪುಷ್ಪಾ ಸೌಟನ್ನು ಮೊಳೆಗೆ ನೇತುಹಾಕಿದಳು.

ಮಲ್ಲೇಶ ಕೆಮ್ಮಿದ. ಟ್ಯಾಂಕ್ ಸವರಿದ. ಅಡುಗೆಮನೆಯ ಕಡೆ ಕತ್ತು ಚಾಚಿದ. ನೀಲಾಂಬಿಕೆ ಬ್ಯಾಗಿನ ಜಿಪ್ ಎಳೆದರು. "ಏನಂತೀರಿ? ಅಡ್ವಾನ್ಸ್ ಕೊಡ್ಲಾ?"

"ಅದೂ... ಕೊಡ್ಬೋದು... ಅನ್ಸುತ್ತೆ."

ಸುಮ್ಮನಿದ್ದರೆ ಮಲ್ಲೇಶನಿಗೆ ತಕ್ಕ ಶಾಸ್ತಿ. ಆದರೆ ಹಾಳಾಗುವುದು ಟೀಚರ್ ನಾಲ್ಕು ವರ್ಷ ಕಟ್ಟಿದ ಚೀಟಿ ದುಡ್ಡು. ಮತ್ತೆ ಸೌಟು ಬಡಿದರೆ ಟೀಚರ್ ಉಳಿಯುತ್ತಾರೆ, ಹೆಸರು ಮತ್ತೆ ಕುರ್ಚಿಯಲ್ಲಿ ಕೂತವನದೇ. ಮುದ್ದೆ ಅರ್ಧಕ್ಕೆ ಬಿಟ್ಟರೆ ಗಂಟಾಗುತ್ತದೆ. ಆಗಲಿ ಎಂದು ಅವಳು ಒಲೆ ಆರಿಸಿ, ಮುಂಬಾಗಿಲಿನಿಂದಲೇ ಅಂಗಳಕ್ಕೆ ಇಳಿದಳು.

"ದುಡ್ಡು ಒಳಗಿಡಿ ಟೀಚರೇ. ಚಲುವರಾಜಣ್ಣ, ನಿನ್ ಮದ್ವೆ ಎಣ್ಣು ಇವತ್ತು ಇಲ್ಲೇ ಇರ್ಲಿ. ಬೆಳಗ್ಗೆ ಐದಕ್ಕೆ, ತಣ್ಣಗಿದ್ದಾಗ ಎಬ್ಬಿಸಿ ನೋಡಿ ಬೆಲೆ ಹೇಳ್ತೀನಿ."

"ಮಲ್ಲಣ್ಣ ಹೇಳ್ಲಿ ಬುಡಕ್ಕ!"

"ಐದಕ್ಕೆ ಅವ್ರಿಗೆ ಮಂಡಿನೋವು ಕಣಣ್ಣ."

ಮಲ್ಲೇಶ ಬಾಯಿ ತೆರೆಯುವಷ್ಟರಲ್ಲಿ ಅವಳು ಗಾಡಿಯ ಕೀ ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.