ಬಾನಿಯೊಳಕ್ಕೆ ಎಸೆದ ಬನ್ನು

ನಾನು ಚಿಕ್ಕವನಿದ್ದಾಗ ನಮ್ಮ ಮನೆಗೆ ಒಂದು ಕೊಳೆತ ವಾಸನೆ ಇತ್ತು. ಹರಪನಹಳ್ಳಿಯ ನಮ್ಮ ಓಣಿಗೆ ಯಾರಾದರೂ ಹೊಸಬರು ಬಂದರೆ ಮನೆ ಯಾವುದೆಂದು ಕೇಳಬೇಕಾಗಿರಲಿಲ್ಲ. ಮೂಗು ಹಿಡಿದುಕೊಂಡು ನಡೆದರೆ ಸಾಕಿತ್ತು. ಹಿತ್ತಲಲ್ಲಿ ನನ್ನ ಸೊಂಟದೆತ್ತರದ ಮಣ್ಣಿನ ಬಾನಿಯೊಂದಿತ್ತು. ಅದರೊಳಗೆ ಅಪ್ಪ ಹಳೆಯ ಕಾಗದ ನೆನೆಹಾಕುತ್ತಿದ್ದ. ಆ ವಾಸನೆ ಅಲ್ಲಿಂದ ಹೊರಡುತ್ತಿತ್ತು.

ಅಪ್ಪ ಮೊದಲು ದಾವಣಗೆರೆಯ ಒಂದು ಬೇಕರಿಯಲ್ಲಿ ಭಟ್ಟಿಯ ಮುಂದೆ ಕೆಲಸ ಮಾಡಿದವನು. ಹಿಟ್ಟಿನ ಧೂಳು ಮತ್ತು ಹೊಗೆಯಿಂದ ದಮ್ಮು ಹತ್ತಿ ಮನೆಗೆ ಬಂದ. ಅವ್ವ ಹೆರಿಗೆ ಮಾಡಿಸುವ ಸರ್ಕಾರಿ ನರ್ಸು. ಬೆಳಿಗ್ಗೆ ತೆಲಿಗಿ ಬಸ್ಸು ಹತ್ತಿದರೆ ಸಂಜೆ ಬರುತ್ತಿದ್ದಳು. ಹಾಗಾಗಿ ನನ್ನನ್ನೂ ಅಕ್ಕನನ್ನೂ ನೋಡಿಕೊಳ್ಳುವುದು, ಅಡುಗೆ, ಕಸ, ಮುಸುರೆ ಎಲ್ಲ ಅಪ್ಪನದೇ. ಉಳಿದ ಹೊತ್ತಿನಲ್ಲಿ ಅವನು ಕಾಗದದ ಬುಟ್ಟಿ ಮಾಡುತ್ತಿದ್ದ.

ಆ ಬುಟ್ಟಿ ಹೇಗೆ ಆಗುತ್ತಿತ್ತೆಂದು ಹೇಳಿದರೆ, ಮೊಮ್ಮಕ್ಕಳೇ, ನೀವು ಊಟ ಬಿಟ್ಟೀರಿ. ಹತ್ತು ದಿನ ನೆನೆದ ಕಾಗದ ಬೂದುಬಣ್ಣದ ಗಂಜಿಯಾಗುತ್ತಿತ್ತು. ಮೇಲೆ ನೊರೆ, ನೊರೆಯೊಳಗೆ ಮಿಸುಕಾಡುವ ಬಿಳಿ ಹುಳ. ಅಪ್ಪ ಹುಳ ತೆಗೆದು, ರುಬ್ಬಿದ ಮೆಂತ್ಯ ಸುರಿಯುತ್ತಿದ್ದ. ಆಮೇಲೆ ಬಾನಿಯೊಳಗೇ ಇಳಿದು ಅದನ್ನು ಕಾಲಿನಿಂದ ತುಳಿದು ಹದ ಮಾಡಬೇಕು. ತುಳಿಯುವ ಕೆಲಸ ನನ್ನದು. ತಣ್ಣನೆಯ ಲೋಳೆ ಬೆರಳ ಸಂದಿಯಿಂದ ಪಿಚಕ್ಕೆಂದು ಮೇಲೇಳುವಾಗ ನಾನು ಕಣ್ಣು ಮುಚ್ಚಿ ಬಾಯಲ್ಲಿ ಉಸಿರಾಡುತ್ತಿದ್ದೆ. ಎಷ್ಟು ತಿಕ್ಕಿ ತೊಳೆದರೂ ಮರುದಿನ ಶಾಲೆಯಲ್ಲಿ ಪಕ್ಕದವನು ಒಂದು ಮೊಳ ದೂರ ಸರಿದು ಕೂರುತ್ತಿದ್ದ.

ಅಪ್ಪ ಆ ಮುದ್ದೆಯನ್ನು ಬೋರಲು ಹಾಕಿದ ಕೊಡದ ಮೇಲೆ ಮೆತ್ತಿ ಬಿಸಿಲಿಗಿಡುತ್ತಿದ್ದ. ಒಣಗಿದ ಮೇಲೆ ವಾಸನೆಯೇ ಇರುತ್ತಿರಲಿಲ್ಲ. ಅಕ್ಕ ಅದಕ್ಕೆ ಕೆಮ್ಮಣ್ಣು ಬಳಿದು ಸುಣ್ಣದ ಚುಕ್ಕಿ ಇಡುತ್ತಿದ್ದಳು. ಓಣಿಯ ಹೆಂಗಸರು ಅದನ್ನು ಒಯ್ದು ರೊಟ್ಟಿ ಇಟ್ಟುಕೊಳ್ಳುತ್ತಿದ್ದರು. ಅದೇ ಹೆಂಗಸರು ನಮ್ಮ ಬಾಗಿಲು ದಾಟುವಾಗ ಸೆರಗಿನಿಂದ ಮೂಗು ಮುಚ್ಚಿಕೊಂಡು, ಗಂಡಸು ಒಲೆ ಮುಂದೆ ಕೂತಿದ್ದಾನೆಂದು ಕಿಸಕ್ಕನೆ ನಗುತ್ತಿದ್ದರು.

ಶನಿವಾರ ಅಪ್ಪ ನಮಗಾಗಿ ಬನ್ನು ಮಾಡುತ್ತಿದ್ದ. ಭಟ್ಟಿ ಎಲ್ಲಿಂದ ಬರಬೇಕು? ದೊಡ್ಡ ಬೋಗುಣಿಯಲ್ಲಿ ಮರಳು ಕಾಯಿಸಿ, ಅದರ ನಡುವೆ ತಗಡಿನ ಡಬ್ಬಿ ಇಟ್ಟು, ಮುಚ್ಚಳದ ಮೇಲೆ ಕೆಂಡ ಹರಡುತ್ತಿದ್ದ. ಬನ್ನು ಕೆಂಪಗೆ ಉಬ್ಬಿ ಬರುತ್ತಿತ್ತು. ಆದರೆ ನನಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬೆಳಿಗ್ಗೆ ಬಾನಿಯೊಳಗೆ ಮೊಣಕೈವರೆಗೆ ಮುಳುಗಿದ್ದ ಕೈಗಳೇ ಈಗ ಹಿಟ್ಟು ನಾದಿವೆ ಎಂಬುದು ಕಣ್ಣ ಮುಂದೆ ಬರುತ್ತಿತ್ತು. ಅಪ್ಪ ಬೂದಿ ಹಚ್ಚಿ, ಸೀಗೆಪುಡಿ ಹಚ್ಚಿ, ಉಗುರಿನ ಸಂದಿಯನ್ನೂ ಕಡ್ಡಿಯಿಂದ ಕೆರೆದು ತೊಳೆಯುತ್ತಿದ್ದುದನ್ನು ನಾನೇ ನೋಡಿದ್ದೆ. ಆದರೂ ಹೇಸಿಗೆ ಹೋಗುತ್ತಿರಲಿಲ್ಲ.

ಅಂಥದೊಂದು ಶನಿವಾರ ಮೈಲಾರದ ಕಡೆಯ ನಮ್ಮ ಹಳ್ಳಿಯಿಂದ ದೊಡ್ಡಪ್ಪ ಬಂದ. ಅಪ್ಪನಿಗೆ ಅಣ್ಣ. ಕುರಿ, ಹೊಲ ಎಲ್ಲ ಅವನೇ ನೋಡಿಕೊಳ್ಳುತ್ತಿದ್ದ. ಬಾಯಿ ತುಂಬ ಎಲೆ ಅಡಿಕೆ. ಹಿತ್ತಲಿಗೆ ಬಂದವನೇ ಒಣಗಲು ಇಟ್ಟಿದ್ದ ಬುಟ್ಟಿಯ ಪಕ್ಕದಲ್ಲೇ ಪಿಚಕ್ಕನೆ ಉಗಿದ.

"ಏನಲೇ ತಮ್ಮಾ, ಹೆಂಡ್ತಿ ಊರೂರು ತಿರಗತಾಳ, ನೀ ಒಲಿ ಮುಂದ ಕುಂತೀದಿ. ನಮ್ಮ ಮನಿತನದಾಗ ಯಾವ ಗಂಡಸು ಹಿಂಗ ಕುಂತಿದ್ದ? ಆಕಿ ನೌಕರಿ ಬಿಡಸು. ಎಲ್ಲಾರೂ ಊರಿಗೆ ಬಂದುಬಿಡ್ರಿ."

"ಕುರಿ ಹಿಂದ ನಾಕು ಹೆಜ್ಜಿ ಹಾಕಿದ್ರ ನನಗ ಉಸುರು ಕಟ್ಟತೈತಿ, ಅಣ್ಣಾ," ಎಂದ ಅಪ್ಪ. ಹಾಗೆನ್ನುತ್ತಲೇ ಡಬ್ಬಿ ತೆಗೆದು, ಬಿಸಿ ಬನ್ನೊಂದನ್ನು ನನ್ನ ಕೈಗೆ ಕೊಟ್ಟ.

ದೊಡ್ಡಪ್ಪ ನನ್ನ ಕಡೆ ತಿರುಗಿದ. "ನೀ ಹೇಳಲೇ. ನಿಮ್ಮಪ್ಪ ಮಾಡಿದ್ದು ಹೆಂಗಿರತೈತಿ ತಿನ್ನಾಕ?"

ಅವನ ಕಣ್ಣಲ್ಲಿ ನಾನೂ ಒಬ್ಬ ಗಂಡಸು ಎನಿಸಿಕೊಳ್ಳಬೇಕೆಂಬ ಆಸೆ ಬಂತೋ ಏನೋ. "ಅಪ್ಪನ ಕೈ ಹೊಲಸು ನಾರತಾವು. ನಾ ತಿನ್ನಂಗಿಲ್ಲ," ಎಂದು ಹೇಳಿ ಬನ್ನನ್ನು ಬಾನಿಯೊಳಕ್ಕೆ ಎಸೆದೆ.

ಅದು ನೊರೆಯ ಮೇಲೆ ಒಂದು ಗಳಿಗೆ ತೇಲಿ, ಮೆಲ್ಲಗೆ ಮುಳುಗಿತು.

"ಕೇಳಿದೇನಲೇ? ನಿನ್ನ ಮಗನ ಬಾಯಾಗ ಬಂತು!" ದೊಡ್ಡಪ್ಪ ಹೊಟ್ಟೆ ಕುಣಿಸಿ ನಕ್ಕ. ನಾನೂ ನಕ್ಕೆ. ನಗುವಾಗ ಅವನ ಬಾಯಿಂದ ಕೆಂಪು ಎಂಜಲು ಸಿಡಿದು ನನ್ನ ಅಂಗಿಯ ಮೇಲೆ ಬಿತ್ತು. ಮೂಗಿಗೆ ತಂಬಾಕಿನ ನಾತ ಬಡಿಯಿತು. ನನ್ನ ನಗು ಅಲ್ಲಿಗೇ ನಿಂತಿತು.

ಅಪ್ಪ ತೋಳು ಮೇಲೇರಿಸಿ, ಬಾನಿಯೊಳಗೆ ಕೈ ಹಾಕಿ ತಡಕಾಡಿ, ನೆಂದು ಬಿಚ್ಚಿಕೊಂಡ ಬನ್ನನ್ನು ತೆಗೆದು ಕೋಳಿಗೆ ಹಾಕಿದ. ಕೋಳಿಗಳು ಎರಡು ಸಲ ಕುಕ್ಕಿ ಬಿಟ್ಟು ಹೋದವು. ಆಮೇಲೆ ಅವನು ಅಣ್ಣನ ಮುಂದೆ ನೆಟ್ಟಗೆ ನಿಂತ.

"ಹುಡುಗ ಅಂದಿದ್ದು ನನಗ ಅಂದಾನ. ಅದನ್ನ ನಾ ನೋಡಿಕೋತೀನಿ. ಆಕಿ ನೌಕರಿ ಮಾತು ಮಾತ್ರ ಈ ಮನಿಯಾಗ ಬ್ಯಾಡ. ಚಾ ಕುಡಿ ಅಣ್ಣಾ. ಆಮ್ಯಾಲ ಬಸ್ಸೈತಿ."

ಅಪ್ಪ ಯಾರಿಗಾದರೂ ಎದುರಾಡಿದ್ದನ್ನು ನಾನು ಅದೇ ಮೊದಲು ಕಂಡದ್ದು. ದೊಡ್ಡಪ್ಪ ಚಹಾ ಮುಟ್ಟದೆ ಹೋದ. ಅಪ್ಪ ಕೆಮ್ಮು ಏರಿ ಗೋಡೆಗೊರಗಿ ಕುಳಿತುಬಿಟ್ಟ. ಅಕ್ಕ ಬೆನ್ನು ನೀವಿದಳು. ನಾನು ಹತ್ತಿರ ಹೋಗಲಾರದೆ ಅಂಗಿಯ ಮೇಲಿನ ಕೆಂಪು ಕಲೆಯನ್ನು ಮಣ್ಣು ಹಚ್ಚಿ ಉಜ್ಜುತ್ತ ಕುಳಿತೆ. ಅದೂ ಹೋಗಲಿಲ್ಲ.

ಸಂಜೆ ಅವ್ವ ಬಂದಳು. ಅಕ್ಕ ಎಲ್ಲ ಹೇಳಿಬಿಟ್ಟಳು. ಅವ್ವ ಬೈಯಲಿಲ್ಲ. ನನ್ನನ್ನು ಹತ್ತಿರ ಕರೆದು ಅಂಗೈ ಮುಂದೆ ಚಾಚಿದಳು.

"ಮೂಸು."

ಆಸ್ಪತ್ರೆಯ ಸಾಬೂನಿನ ಘಾಟು ಬಂತು. ಅದರ ಕೆಳಗೆ ಬೇರೇನೋ ಇತ್ತು.

"ಇವತ್ತು ಈ ಕೈಯಾಗ ಒಂದು ಕೂಸು ಬಂತು. ರಕ್ತ ಇತ್ತು, ಹೇಲು ಇತ್ತು, ಎಲ್ಲಾ ಇತ್ತು. ತೊಳಕೊಂಡು ಬಂದೀನಿ. ಇದ ಕೈಲೆ ನಿನಗ ತುತ್ತು ಹಾಕತೀನಿ. ಯಾವಾಗರ ಹೇಸಿಗಿ ಬಂದೈತೇನು?"

ಇಲ್ಲವೆಂದು ತಲೆಯಾಡಿಸಿದೆ.

"ನಾ ದಿನಾ ನಿಮ್ಮನ್ನ ಬಿಟ್ಟು ಹೋಗತೀನಲ್ಲ, ನಿಮ್ಮಪ್ಪನ ಆ ಕೈಯಾಗ ಬಿಟ್ಟು ಹೋಗತೀನಿ. ತಿಳೀತೇನು?"

ನಾನು ಸೀದಾ ಹಿತ್ತಲಿಗೆ ಹೋಗಿ ಬಾನಿಯೊಳಗೆ ಇಳಿದೆ. ಯಾರೂ ಹೇಳಿರಲಿಲ್ಲ. ಹತ್ತು ಹೆಜ್ಜೆ ತುಳಿಯುವಷ್ಟರಲ್ಲಿ ಹೊರಗೆ ಬಗ್ಗಿ ವಾಂತಿ ಮಾಡಿಕೊಂಡೆ. ಅಪ್ಪ ತಂಬಿಗೆ ಹಿಡಿದು ಬಂದ.

"ಬಾನಿಯಾಗ ಮಾಡಿಲ್ಲ ಹೌದಿಲ್ಲೋ?"

"ಇಲ್ಲಪ್ಪ."

"ಹಂಗಾದ್ರ ಬಾಯಿ ಮುಕ್ಕಳಿಸು, ತುಳಿ."

ತುಳಿಯುತ್ತ ತುಳಿಯುತ್ತ "ತಪ್ಪಾತು ಅಪ್ಪಾ," ಎಂದೆ. ಅವನು ಇರಲಿ ಬಿಡು ಎನ್ನಲಿಲ್ಲ.

"ನಾತ ನನಗೂ ಬರತೈತೋ. ನೀ ಮೂಗು ಮುಚಗೊಂಡ್ರ ನನಗ ಸಿಟ್ಟಿಲ್ಲ. ಅವನ ಜೋಡಿ ನಕ್ಕೆಲ್ಲ, ಅದು ಮನಸಿಗೆ ಹತ್ತಿತು."

ಅದಾದ ಮೇಲೆ ಎಷ್ಟೋ ಶನಿವಾರ ಮರಳು ಕಾಯಲಿಲ್ಲ. ನಾನು ಕೇಳುವ ಧೈರ್ಯ ಮಾಡಲಿಲ್ಲ. ಒಂದು ದಿನ ಶಾಲೆಯಿಂದ ಬಂದಾಗ ಬೋಗುಣಿ ಒಲೆಯ ಮೇಲಿತ್ತು. ಅಪ್ಪ ಬನ್ನನ್ನು ನನ್ನ ಕೈಗೆ ಕೊಡಲಿಲ್ಲ, ತಟ್ಟೆಯಲ್ಲಿಟ್ಟು ಆಚೆ ಹೋದ. ನಾನೇ ಎತ್ತಿಕೊಂಡು ತಿಂದೆ. ಹೇಸಿಗೆ ಆಗಲಿಲ್ಲವೆಂದರೆ ಸುಳ್ಳು ಹೇಳಿದಂತಾಗುತ್ತದೆ. ಆಯಿತು. ಆದರೂ ತಿಂದೆ. ಬಾಯಲ್ಲಿ ಬಂದದ್ದು ಸಕ್ಕರೆ, ಹುಳಿಹಿಟ್ಟು, ಸ್ವಲ್ಪ ಹೊಗೆ, ಅಷ್ಟೇ. ಅವ್ವ ನೌಕರಿ ಬಿಡಲಿಲ್ಲ. ವಯಸ್ಸಾಗಿ ನಿವೃತ್ತಳಾಗುವವರೆಗೂ ಬಸ್ಸು ಹತ್ತಿದಳು.

ಈಗ ನಿಮ್ಮ ಅಮ್ಮ ದಿನಾ ಹಡಗಲಿಗೆ ಕೆಲಸಕ್ಕೆ ಹೋಗುತ್ತಾಳೆ, ನಿಮ್ಮ ಅಪ್ಪ ಮನೆಯಲ್ಲಿರುತ್ತಾನೆ. ಅವನು ಗುಂಡಿ ಒತ್ತಿದರೆ ಓವನ್ ತಾನೇ ಕಾಯುತ್ತದೆ, ಕೇಕು ಆದಾಗ ಟಿಣ್ ಎನ್ನುತ್ತದೆ. ನೀವು ಗೊಂಬೆ ಮಾಡುವ ಸಾಮಾನೆಲ್ಲ ಡಬ್ಬಿಯಲ್ಲಿ ಬರುತ್ತದೆ. ಬಣ್ಣದ ಕಾಗದ, ಹೊಳೆಯುವ ಪುಡಿ, ಹಣ್ಣಿನ ವಾಸನೆಯ ಅಂಟು. ನೀವು ಯಾರೂ ಹುಳ ತೆಗೆಯಬೇಕಾಗಿಲ್ಲ, ಕಾಲು ತಿಕ್ಕಿ ತೊಳೆಯಬೇಕಾಗಿಲ್ಲ. ನನಗೆ ಅದರಿಂದ ಸಂತೋಷವೇ. ಆ ಬಾನಿ ಮತ್ತೆ ಬರಲೆಂದು ನಾನು ಎಂದೂ ಬಯಸುವುದಿಲ್ಲ.

ಆದರೆ ಮೊನ್ನೆ ನಿಮ್ಮಲ್ಲಿ ದೊಡ್ಡವನ ಗೆಳೆಯ ಆಡಲು ಬಂದಿದ್ದ. ಅಡುಗೆಮನೆಯಲ್ಲಿ ಹಿಟ್ಟು ಕಲಸುತ್ತಿದ್ದ ನಿಮ್ಮ ಅಪ್ಪನನ್ನು ನೋಡಿ, "ನಿಮ್ಮಪ್ಪಗ ಕೆಲಸ ಇಲ್ಲೇನು?" ಎಂದು ನಕ್ಕ. ದೊಡ್ಡವನು ತಲೆ ತಗ್ಗಿಸಿದ. ಅಷ್ಟರಲ್ಲಿ ಚಿಕ್ಕವಳು ಕತ್ತರಿ ಕೆಳಗಿಟ್ಟು, "ಮತ್ತ ಈಗ ಏನು ಮಾಡಾಕತ್ತಾನ, ಕಾಣವಲ್ದೇನು?" ಎಂದಳು. ಅಂದು ದೊಡ್ಡಪ್ಪನಿಗೆ ಹೇಳಬೇಕಾಗಿದ್ದ ಮಾತು ಅದು. ಒಂಬತ್ತು ವರ್ಷದ ನನಗೆ ಹೊಳೆಯದೇ ಹೋದದ್ದು ಆರು ವರ್ಷದ ಅವಳಿಗೆ ಹೊಳೆಯಿತು.