ರಾಜೇಸಾಬ ಕಾಕಾ ಸಾಕಿದ ಕೋಶಗಳು

ಇನ್‌ಕ್ಯುಬೇಟರಿನ ಬಾಗಿಲು ತೆಗೆಯುವ ಮುನ್ನ ರಾಜೇಸಾಬ ಕಾಕಾ ಬೆರಳಿನಿಂದ ಎರಡು ಸಲ ತಟ್ಟುತ್ತಿದ್ದರು. “ಒಳಗ ಹೆಣ್ಮಗಳ ಜೀವ ಐತ್ರಿ ಮೇಡಂ. ಒಮ್ಮಿಗಿಲೇ ತೆಗೀಬಾರದು.”

ಧಾರವಾಡದ ನಮ್ಮ ಪ್ರಯೋಗಾಲಯದಲ್ಲಿ ಅವರು ಸಹಾಯಕರು. ಗರ್ಭಕೊರಳಿನ ಕ್ಯಾನ್ಸರಿನಿಂದ ಎಂದೋ ತೀರಿಹೋದ ಪರದೇಶದ ಹೆಂಗಸೊಬ್ಬಳ ಕೋಶಗಳನ್ನು ನಾವು ಆ ಬೆಚ್ಚನೆಯ ಪೆಟ್ಟಿಗೆಯೊಳಗೆ ಬಾಟಲಿಗಳಲ್ಲಿ ಬೆಳೆಸುತ್ತಿದ್ದೆವು. ಅವಕ್ಕೆ ಪೋಷಕ ದ್ರವ ಬದಲಿಸಲು ಕಾಕಾ ಈದ್ ದಿನವೂ ಸೈಕಲ್ ತುಳಿದು ಬರುತ್ತಿದ್ದರು. “ಹಬ್ಬದ ದಿನಾನರ ಮನ್ಯಾಗ ಇರ್ರಿ” ಎಂದರೆ, “ಮನ್ಯಾಗ ಯಾರದಾರ್ರಿ?” ಎನ್ನುತ್ತಿದ್ದರು. ಹೆಂಡತಿ ಮೆಹಬೂಬಿ ಅದೇ ಕಾಯಿಲೆಯಿಂದ ಹೋಗಿದ್ದರು. ಮಕ್ಕಳಿರಲಿಲ್ಲ.

ಒಂದು ಮಧ್ಯಾಹ್ನ ಬುತ್ತಿ ಬಿಚ್ಚುತ್ತ ಕೇಳಿದರು: “ಈ ಕೋಶ ಬೆಳಿಯೂದು ಯಾಕ ನಿಲ್ಲೂದಿಲ್ರಿ?”

ಕೋಶ ಒಡೆದು ಎರಡಾಗುವ ಮುನ್ನ ತಡೆದು ನೋಡುವ ಪ್ರೋಟೀನ್‌ಗಳಿವೆ, ಏನಾದರೂ ಕೆಟ್ಟಿದ್ದರೆ ಅಲ್ಲೇ ನಿಲ್ಲಿಸುತ್ತವೆ, ಎಂದೆ. ಈ ಕ್ಯಾನ್ಸರ್ ತರುವ ವೈರಸ್ ಒಳಹೊಕ್ಕರೆ ಅದರ ಒಂದು ಪ್ರೋಟೀನು ಅವುಗಳಲ್ಲೊಂದನ್ನು ನಾಶ ಮಾಡುತ್ತದೆ, ಮತ್ತೊಂದು ಪ್ರೋಟೀನು ಇನ್ನೊಂದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಆಮೇಲೆ ಕೇಳುವವರಿಲ್ಲ.

“ಆ ವೈರಸ್ ಎಲ್ಲಿಂದ ಬರತೈತ್ರಿ?”

ಗಂಡು ಹೆಣ್ಣು ಕೂಡುವುದರಿಂದ ಹರಡುತ್ತದೆ ಎಂದು ತಡವರಿಸಿ ಹೇಳಿದೆ. ಅವರು ರೊಟ್ಟಿ ಕೆಳಗಿಟ್ಟರು. “ಹಂಗಾರ ನಾನ ಕೊಟ್ಟಿರಬೇಕು. ಲಗ್ನಕ್ಕ ಮೊದಲ ನಾ ಮುಂಬೈದಾಗ ಇದ್ದೆ. ಆಕಿ ನನ್ನ ಬಿಟ್ಟು ಯಾರನ್ನೂ ಕಂಡಾಕಿ ಅಲ್ಲ.”

“ಕಾಕಾ, ಅದು ಭಾಳ ಮಂದೀಗೆ ಇರತೈತಿ. ಇದ್ದದ್ದೂ ಗೊತ್ತಾಗೂದಿಲ್ಲ. ನಿಮ್ಮ ತಪ್ಪಲ್ಲ.”

ಅವರು ಬುತ್ತಿ ಕಟ್ಟಿಟ್ಟು ಎದ್ದರು. ಆ ಶುಕ್ರವಾರ ರಜೆ ಕೇಳಿದರು, ನಾನು ಕಂಡಂತೆ ಮೊದಲ ಸಲ. ಹೋದದ್ದು ಹೆಬ್ಬಳ್ಳಿಗೆ, ಮೆಹಬೂಬಿಯ ಅಣ್ಣನ ಮನೆಗೆ. ತಂಗಿಗೆ ಇಂಥ ರೋಗ ಬಂತೆಂದು ಅವಳ ನಡತೆಯನ್ನೇ ಆಡಿಕೊಂಡಿದ್ದವನು ಆತ.

“ಎಲ್ಲಾರ ಮುಂದ ಹೇಳಿ ಬಂದೆ. ‘ರೋಗ ನನ್ನಿಂದ ಬಂದೈತಿ, ಆಕಿ ಮ್ಯಾಲ ಮಾತಾಡಬ್ಯಾಡ್ರಿ’ ಅಂದೆ. ಇನ್ನ ನನಗ ಆ ಮನಿ ಬಾಗಿಲಾ ಇಲ್ರಿ.” ಮರುದಿನ ಇಷ್ಟು ಹೇಳಿ ಬಾಟಲಿ ತೊಳೆಯಲು ಹೋದರು.

ಕಾಕಾ ನಿವೃತ್ತರಾಗಿ ಹುಬ್ಬಳ್ಳಿಯಲ್ಲಿ ಕೋಣೆ ಹಿಡಿದ ಮೇಲೆ ಒಮ್ಮೆ ಅವರನ್ನು ಪ್ರಯೋಗಾಲಯಕ್ಕೆ ಕರೆಸಿದೆ. ವೈರಸ್ಸಿನ ಆ ಎರಡೂ ಪ್ರೋಟೀನ್ ತಯಾರಾಗದಂತೆ ತಡೆದಿದ್ದೆವು. ಕೋಶಗಳು ಒಡೆಯುವುದನ್ನು ಬಿಟ್ಟಿದ್ದವು. ಕಾಕಾ ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದರು.

“ನಿಂತಾವಲ್ರಿ! ನಮ್ಮಾಕಿಗೆ ಇದನ್ನ ಕೊಡಾಕ ಬರತಿತ್ತೇನ್ರಿ?”

“ಇಲ್ಲ ಕಾಕಾ. ಬಾಟಲ್ಯಾಗ ಅಷ್ಟ. ಮನಷ್ಯಾರಿಗೆ ಕೊಡೂವಂಥಾ ಔಷಧ ಇನ್ನೂ ಆಗಿಲ್ಲ.”

ತಲೆಯಾಡಿಸಿ ಮತ್ತೆ ನೋಡತೊಡಗಿದರು. ನಾನು ತರಗತಿ ಮುಗಿಸಿ ಬರುವಷ್ಟರಲ್ಲಿ ದೀಪ ಆರಿಸಿ, ಸೂಕ್ಷ್ಮದರ್ಶಕಕ್ಕೆ ಹೊದಿಕೆ ಹಾಕಿ ಹೊರಟುಹೋಗಿದ್ದರು.

ಅದೇ ಕೊನೆ. ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಮಣ್ಣಾಗಿ ಹದಿನೈದು ದಿನದ ಮೇಲೆ. ಯಾರಿಗೆ ಹೇಳಿ ಕಳಿಸಬೇಕೆಂದು ಓಣಿಯವರಿಗೆ ಗೊತ್ತಾಗಲಿಲ್ಲವಂತೆ.